ಹಳೇ ಪಿ320 ಪಿಸ್ತೂಲು: ಡ್ರಾಪ್ ಸೇಫ್ಟಿ ಅಪ್‌ಗ್ರೇಡ್‌ಗೆ ಕಂಪನಿಗೆ ವಾಪಸ್ ಕಳಿಸುವುದು ಹೇಗೆ?

ಗುರಿಗಾರ_9

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಪಿಸ್ತೂಲು ಇಟ್ಟುಕೊಂಡವರಿಗೆ ಒಂದು ಪ್ರಶ್ನೆ. ನನ್ನದು ಸಿಗ್ ಸಾವರ್ ಕಂಪನಿಯ ಸೆಕೆಂಡ್‌ಹ್ಯಾಂಡ್ ಪಿ320 ಕಾಂಪ್ಯಾಕ್ಟ್, 9 ಎಂಎಂ, 2016ರ ತಯಾರಿ. ಕೈಜಾರಿ ಬಿದ್ದರೆ ತಾನಾಗಿ ಗುಂಡು ಹಾರದಂತೆ ಮಾಡಲು 2017ರಲ್ಲಿ ಕಂಪನಿ ಶುರು ಮಾಡಿದ 'ಸ್ವಯಂಪ್ರೇರಿತ ಅಪ್‌ಗ್ರೇಡ್' ಇದಕ್ಕೆ ಆಗಿದೆಯೋ ಇಲ್ಲವೋ ಮಾರಿದವರಿಗೂ ಗೊತ್ತಿಲ್ಲ.

ಸ್ಲೈಡ್ (ಹಿಂದೆ-ಮುಂದೆ ಜಾರುವ ಲೋಹದ ಮೇಲ್ಭಾಗ) ಮೇಲೆ ರೆಡ್ ಡಾಟ್, ಅಂದರೆ ಗುರಿಗೆ ಕೆಂಪು ಚುಕ್ಕೆ ತೋರಿಸುವ ಸಾಧನ, ಕೂತಿದೆ. ಟ್ರಿಗರ್ ಮೂಲದ್ದಲ್ಲ, ಬೇರೆ ಕಂಪನಿಯ ಚಪ್ಪಟೆ ಅಲ್ಯೂಮಿನಿಯಂ ಟ್ರಿಗರ್ ಹಾಕಿದ್ದಾರೆ. ಮೂಲ ಟ್ರಿಗರ್ ಒಂದು ಪೊಟ್ಟಣದಲ್ಲಿ ಜೊತೆಗೇ ಬಂದಿದೆ. ಇನ್ನೊಂದು ಸ್ಲೈಡ್-ಬ್ಯಾರೆಲ್ ಸೆಟ್ಟೂ ಇದೆ, .40 ಕ್ಯಾಲಿಬರ್‌ದು.

ಕೇಳಬೇಕಾದದ್ದು: ಅಪ್‌ಗ್ರೇಡ್ ಆಗಿದೆಯೇ ಅಂತ ಮನೆಯಲ್ಲೇ ಕಂಡುಹಿಡಿಯುವುದು ಹೇಗೆ? ಡೀಲರ್ ಮೂಲಕವೇ ಹೋಗಬೇಕಾ, ನೇರ ಕಳಿಸಬಹುದಾ? ಇದರಲ್ಲಿ ಏನೇನು ಪೆಟ್ಟಿಗೆಗೆ ಹಾಕಬೇಕು, ಏನು ಇಟ್ಟುಕೊಳ್ಳಬೇಕು? ವಾಪಸ್ ಬಂದಾಗ ಅದರಲ್ಲಿ ಕೈಯಿಂದ ಹಾಕುವ ಸೇಫ್ಟಿ ಲಿವರ್ ಇರುತ್ತದಾ?

ಬೆಂಚ್‌ಬ್ಲಾಕ್

ಕೊನೇ ಪ್ರಶ್ನೆಗೆ ಮೊದಲು ಉತ್ತರ: ಇಲ್ಲ. ಲಿವರ್ ಬರುವುದಿಲ್ಲ. ತುಂಬಾ ಜನ ಅದನ್ನೇ ನಿರೀಕ್ಷಿಸಿ ಪೆಟ್ಟಿಗೆ ಬಿಚ್ಚಿದಾಗ 'ಏನೂ ಮಾಡಿಲ್ಲ' ಅಂದುಕೊಳ್ಳುತ್ತಾರೆ. ಈ ಅಪ್‌ಗ್ರೇಡ್ ಪೂರ್ತಿ ಒಳಗಿನ ಕೆಲಸ. ಟ್ರಿಗರ್, ಸ್ಟ್ರೈಕರ್ (ಗುಂಡಿನ ಹಿಂಬದಿಗೆ ಬಡಿಯುವ ಮೊಳೆ), ಅದನ್ನು ಹಿಡಿದಿಡುವ ಸಿಯರ್ ಈ ಮೂರನ್ನೂ ಹಗುರಾದವುಗಳಿಗೆ ಬದಲಾಯಿಸುತ್ತಾರೆ, ಮೊದಲು ಇಲ್ಲದ ಒಂದು ಯಾಂತ್ರಿಕ ಡಿಸ್‌ಕನೆಕ್ಟರ್ (ಸ್ಲೈಡ್ ಪೂರ್ತಿ ಮುಚ್ಚದಿದ್ದಾಗ ಟ್ರಿಗರ್‌ನ ಸಂಪರ್ಕ ಕಡಿಯುವ ತುಂಡು) ಸೇರಿಸುತ್ತಾರೆ. ಡಿಸ್‌ಕನೆಕ್ಟರ್‌ಗೆ ಜಾಗ ಬೇಕಾದ್ದರಿಂದ ಸ್ಲೈಡ್‌ನಲ್ಲೂ ಕೊರೆತ ಇದೆ.

ಹಗುರ ಮಾಡಿದರೆ ಸೇಫ್ಟಿ ಹೇಗೆ ಬರುತ್ತದೆ ಅನ್ನುವುದು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಪಿಸ್ತೂಲು ನಳಿಗೆ ಮೇಲಾಗಿ, ಸ್ವಲ್ಪ ಓರೆಯಾಗಿ, ಸ್ಲೈಡ್‌ನ ಹಿಂಬದಿ ನೆಲಕ್ಕೆ ಬಡಿಯುವ ಹಾಗೆ ಬೀಳುತ್ತದೆ ಅಂದುಕೊಳ್ಳಿ. 4 ಅಡಿ, ಅಂದರೆ 1.22 ಮೀಟರ್ ಎತ್ತರದಿಂದ ಬಿದ್ದರೆ ನೆಲ ಮುಟ್ಟುವಾಗ ವೇಗ ಸೆಕೆಂಡಿಗೆ ಸುಮಾರು 4.9 ಮೀಟರ್. ಫ್ರೇಮು ಗಕ್ಕನೆ ನಿಂತಿತು. ಆದರೆ ಟ್ರಿಗರ್ ತನ್ನ ಪಿನ್ ಮೇಲೆ ತೂಗಾಡುವ ಬೇರೆಯೇ ತುಂಡು. ಅದು ಅದೇ ವೇಗದಲ್ಲಿ ಇನ್ನೂ ಮುಂದುವರಿಯಲು ನೋಡುತ್ತದೆ. ಯಾವ ಕಡೆಗೆ? ನೆಲದ ಕಡೆಗೆ, ಅಂದರೆ ಪಿಸ್ತೂಲಿನ ಹಿಂದಕ್ಕೆ. ಬೆರಳು ಒತ್ತಿದರೂ ಟ್ರಿಗರ್ ಹೋಗುವುದು ಅದೇ ದಿಕ್ಕಿಗೆ.

'ಒಳಗೆ ಸ್ಟ್ರೈಕರ್‌ಗೆ ಅಡ್ಡ ನಿಲ್ಲುವ ಬ್ಲಾಕ್ ಇದೆಯಲ್ಲ, ಅದು ತಡೆಯಬೇಕಲ್ಲ' ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಬ್ಲಾಕ್ ಇದೆ ನಿಜ, ಆದರೆ ಆ ಬ್ಲಾಕನ್ನು ಎತ್ತುವುದೂ ಟ್ರಿಗರ್‌ನ ಚಲನೆಯೇ. ಟ್ರಿಗರ್ ಸಾಕಷ್ಟು ಹಿಂದೆ ಹೋದರೆ ಬ್ಲಾಕ್ ಏಳುತ್ತದೆ, ಸಿಯರ್ ತಿರುಗುತ್ತದೆ, ಸ್ಟ್ರೈಕರ್ ಬಿಡುಗಡೆಯಾಗುತ್ತದೆ. ಬೆರಳು ಯಾವುದು, ಜಡತ್ವ ಯಾವುದು ಅಂತ ಪಿಸ್ತೂಲಿಗೆ ಗೊತ್ತಾಗುವುದಿಲ್ಲ. ಟ್ರಿಗರ್‌ನಲ್ಲಿ ತುಂಬಿಕೊಂಡ ಚಲನಶಕ್ತಿ ಅದರ ದ್ರವ್ಯರಾಶಿಗೆ ನೇರ ಅನುಪಾತ: ತುಂಡಿನ ತೂಕ ಅರ್ಧ ಆದರೆ ಅದೇ ವೇಗದಲ್ಲಿ ಶಕ್ತಿಯೂ ಅರ್ಧ. ಟ್ರಿಗರನ್ನು ಕೊನೆಯವರೆಗೆ ಎಳೆಯಲು ಬೇಕಾದ ಕೆಲಸಕ್ಕಿಂತ ಆ ಶಕ್ತಿ ಕಡಿಮೆಯಾದರೆ ಟ್ರಿಗರ್ ಅರ್ಧದಾರಿಯಲ್ಲೇ ಸ್ಪ್ರಿಂಗ್‌ಗೆ ಸೋತು ವಾಪಸ್ ಬರುತ್ತದೆ. ಹಗುರ ಟ್ರಿಗರ್‌ನ ಗುಟ್ಟು ಇಷ್ಟೇ.

ಗ್ಲಾಕ್ ತರಹದ ಪಿಸ್ತೂಲುಗಳಲ್ಲಿ ಟ್ರಿಗರ್ ಮುಖದಲ್ಲೊಂದು ಪುಟ್ಟ ನಾಲಿಗೆ ಇರುತ್ತದೆ. ಬೆರಳು ಅದನ್ನು ಒತ್ತದ ಹೊರತು ಟ್ರಿಗರ್ ಹಿಂದೆ ಹೋಗುವುದೇ ಇಲ್ಲ. ನಾಲಿಗೆಯ ತೂಕ ನಗಣ್ಯ, ಆದ್ದರಿಂದ ಬಿದ್ದಾಗ ಅದು ತಾನಾಗಿ ಒತ್ತಿಕೊಳ್ಳುವುದಿಲ್ಲ. ಪಿ320ಯಲ್ಲಿ ಕಂಪನಿ ಆ ದಾರಿ ಹಿಡಿಯದೆ ತೂಕ ಇಳಿಸುವ ದಾರಿ ಹಿಡಿಯಿತು.

ಹಾಗಾದರೆ ಪರೀಕ್ಷೆಯಲ್ಲಿ ಪಾಸಾಗಿ ಮಾರುಕಟ್ಟೆಗೆ ಬಂದಿದ್ದು ಹೇಗೆ? ಅಮೆರಿಕದ ಬಂದೂಕು ತಯಾರಕರ ಸಂಸ್ಥೆ ಸಾಮಿಯ ಡ್ರಾಪ್ ಪರೀಕ್ಷೆಯಲ್ಲಿ 4 ಅಡಿಯಿಂದ, 1 ಇಂಚು ದಪ್ಪದ ರಬ್ಬರ್ ಹಾಸಿನ ಮೇಲೆ, ಆರು ಭಂಗಿಗಳಲ್ಲಿ ಬೀಳಿಸುತ್ತಾರೆ: ನಳಿಗೆ ಕೆಳಗೆ, ನಳಿಗೆ ಮೇಲೆ, ಸರಿಯಾಗಿ ಮಲಗಿಸಿ, ತಲೆಕೆಳಗಾಗಿ, ಎಡ ಮಗ್ಗುಲು, ಬಲ ಮಗ್ಗುಲು. ಕ್ಯಾಲಿಫೋರ್ನಿಯಾದ ಪರೀಕ್ಷೆ ಕಾಂಕ್ರೀಟ್ ಮೇಲೆ 1 ಮೀಟರ್ 1 ಸೆಂಟಿಮೀಟರ್‌ನಿಂದ. ಅಲ್ಲಿಯೂ ಭಂಗಿಗಳು ಆರೇ. ಹೆಚ್ಚುಕಡಿಮೆ ಎಲ್ಲವೂ ನೆಟ್ಟಗೆ ಅಥವಾ ಅಡ್ಡ. ಸಾಮಿಯದ್ದರಲ್ಲಂತೂ ಓರೆ ಕೋನ ಒಂದೂ ಇಲ್ಲ. 2017ರ ಆಗಸ್ಟ್‌ನಲ್ಲಿ ಒಮಾಹಾ ಔಟ್‌ಡೋರ್ಸ್ ಎಂಬ ಮಾರಾಟಗಾರರು ಸುಮಾರು 30 ಡಿಗ್ರಿ ಓರೆಯಲ್ಲಿ ಬೀಳಿಸಿ ಹಾಕಿದ ವಿಡಿಯೋದಲ್ಲಿ ಪಿಸ್ತೂಲಿನಿಂದ ಗುಂಡು ಹಾರಿತು. ಕಂಪನಿ ಅಪ್‌ಗ್ರೇಡ್ ಪ್ರಕಟಿಸಿದ್ದು ಅದೇ ತಿಂಗಳ 8ಕ್ಕೆ. ಅದೇ ವರ್ಷದ ಜನವರಿಯಲ್ಲಿ ಎಂ17 ಹೆಸರಲ್ಲಿ ಇದೇ ವಿನ್ಯಾಸವನ್ನು ಆರಿಸಿಕೊಂಡಿದ್ದ ಸೇನೆಯ ಪರೀಕ್ಷೆಯಲ್ಲೂ ಬಿದ್ದಾಗ ಹಾರಿದ್ದು, ಟ್ರಿಗರ್ ಗುಂಪಿನ ಭಾಗಗಳನ್ನು ಹಗುರಾಗಿಸಿ ಅದನ್ನು ಸರಿಪಡಿಸಿದ್ದು ಪೆಂಟಗನ್‌ನ ಪರೀಕ್ಷಾ ವಿಭಾಗದ 2018ರ ಜನವರಿಯ ವರದಿಯಲ್ಲಿ ದಾಖಲಾಗಿದೆ.

ಇನ್ನು ಗುರುತು ಹಿಡಿಯುವ ವಿಷಯ. ಟ್ರಿಗರ್ ನೋಡಿ ಹೇಳುವುದು ಎಲ್ಲಕ್ಕಿಂತ ಸುಲಭ, ಹಳೆಯದು ದಪ್ಪ, ಹೊಸದು ತೆಳ್ಳಗೆ. ಆದರೆ ನಿಮ್ಮದರಲ್ಲಿ ಬೇರೆ ಕಂಪನಿಯ ಟ್ರಿಗರ್ ಇರುವುದರಿಂದ ಆ ದಾರಿ ಮುಚ್ಚಿತು. ಪೊಟ್ಟಣದಲ್ಲಿರುವ ಟ್ರಿಗರನ್ನೂ ಪೂರ್ತಿ ನಂಬಬೇಡಿ, ಅದು ಇದೇ ಪಿಸ್ತೂಲಿನದ್ದು ಅನ್ನುವುದಕ್ಕೆ ಮಾರಿದವರ ಮಾತು ಬಿಟ್ಟರೆ ಬೇರೆ ಆಧಾರ ಇಲ್ಲ. ಸ್ಲೈಡ್ ಬಿಚ್ಚಿ ಮಗುಚಿ, ಹಿಂಭಾಗದ ಒಳಮೈಯಲ್ಲಿ ಡಿಸ್‌ಕನೆಕ್ಟರ್‌ಗೆ ಕೊರೆದ ಜಾಗ ಇದೆಯಾ ನೋಡಿ. ನಿಮ್ಮ ಹತ್ತಿರ ಎರಡು ಸ್ಲೈಡ್ ಇರುವುದು ಇಲ್ಲಿ ಒಳ್ಳೆಯದಾಯಿತು. ಎರಡನ್ನೂ ಪಕ್ಕಪಕ್ಕ ಮಗುಚಿಟ್ಟು ನೋಡಿದಾಗ ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಅವು ಬೇರೆ ಬೇರೆ ಕಾಲದವು ಎಂದರ್ಥ.

ಎಲ್ಲಕ್ಕಿಂತ ಖಚಿತ ದಾರಿ ಸೀರಿಯಲ್ ನಂಬರ್. ಕಂಪನಿಯ ಅಪ್‌ಗ್ರೇಡ್ ಪುಟದಲ್ಲಿ ಹಾಕಿ ನೋಡಿ, ಅಥವಾ ಕಸ್ಟಮರ್ ಸರ್ವಿಸ್‌ಗೆ ಫೋನ್ ಮಾಡಿ. ತಯಾರಿಯ ವರ್ಷ 2016 ಅಂದಮಾತ್ರಕ್ಕೆ ಆಗಿಲ್ಲ ಅಂತ ತೀರ್ಮಾನಿಸಬೇಡಿ, ಹಿಂದಿನ ಮಾಲೀಕರು ಯಾರಾದರೂ ಕಳಿಸಿರಬಹುದು. ನಂಬರ್ ಓದುವಾಗ ಗ್ರಿಪ್‌ನ ಪುಟ್ಟ ಕಿಟಕಿಯಲ್ಲಿ ಕಾಣುವ ಲೋಹದ ತುಂಡಿನ ಮೇಲಿನದ್ದನ್ನು ಓದಿ. ಪಿ320ಯಲ್ಲಿ ಕಾನೂನಿನ ಲೆಕ್ಕಕ್ಕೆ 'ಬಂದೂಕು' ಅಂದರೆ ಒಳಗೆ ಟ್ರಿಗರ್, ಸಿಯರ್ ಕೂತಿರುವ ಆ ಫೈರ್ ಕಂಟ್ರೋಲ್ ಯೂನಿಟ್ಟೇ, ಎಲ್ಲರೂ ಎಫ್‌ಸಿಯು ಅನ್ನುವುದು. ಪ್ಲಾಸ್ಟಿಕ್ ಗ್ರಿಪ್ಪೂ ಅಲ್ಲ, ಸ್ಲೈಡೂ ಅಲ್ಲ.

ದಯವಿಟ್ಟು ಯಾರೂ ಮನೆಯಲ್ಲಿ ಬೀಳಿಸಿ ನೋಡುವುದು, ಗುಂಡಿನ ಖಾಲಿ ಕೇಸಿಗೆ (ಹೊರಕವಚ) ಪ್ರೈಮರ್ (ಪೆಟ್ಟು ಬಿದ್ದರೆ ಕಿಡಿ ಹೊತ್ತಿಸುವ ಬಿಲ್ಲೆ) ಹಾಕಿ ಹಿಂಬದಿಗೆ ಸುತ್ತಿಗೆಯಲ್ಲಿ ತಟ್ಟಿ ನೋಡುವುದು ಮಾಡಬೇಡಿ. ಹತ್ತು ಸಲ ಹಾರದಿದ್ದರೂ ಹನ್ನೊಂದನೇ ಕೋನದ ಬಗ್ಗೆ ಅದರಿಂದ ಏನೂ ಗೊತ್ತಾಗುವುದಿಲ್ಲ.

ಫಾರಂ_ತುಂಬುವವ

ಕಳಿಸುವ ಬಗ್ಗೆ ನಾನು ಹೇಳುತ್ತೇನೆ. ಡೀಲರ್ ಬೇಡ. ಫೆಡರಲ್ ಕಾನೂನು ಸ್ಪಷ್ಟವಾಗಿದೆ: ಬಂದೂಕು ಇಟ್ಟುಕೊಳ್ಳಲು ನಿಷೇಧ ಇಲ್ಲದ ಖಾಸಗಿ ವ್ಯಕ್ತಿ ರಿಪೇರಿಗಾಗಿ ಲೈಸೆನ್ಸ್ ಇರುವ ತಯಾರಕರಿಗೆ ನೇರ ಕಳಿಸಬಹುದು, ಬೇರೆ ರಾಜ್ಯದಲ್ಲಿದ್ದರೂ ಸರಿ. ತಯಾರಕರು ಅದನ್ನೋ, ಅದೇ ಬಗೆಯ ಬದಲಿ ಪಿಸ್ತೂಲನ್ನೋ ನೇರ ನಿಮ್ಮ ಮನೆಗೇ ವಾಪಸ್ ಕಳಿಸಬಹುದು. ಫೆಡರಲ್ ನಿಯಮಾವಳಿಯ 27 ಸಿಎಫ್‌ಆರ್ 478.147 ನೋಡಿ. ರಿಪೇರಿಗೆ ಹೋಗಿ ಕಳಿಸಿದವರಿಗೇ ಮರಳುವ ಬಂದೂಕಿಗೆ 4473 ಫಾರಂ (ಡೀಲರ್ ಹತ್ತಿರ ಬಂದೂಕು ಕೊಳ್ಳುವಾಗ ತುಂಬುವುದು) ಬೇಡ, ಅದು 478.124ರಲ್ಲಿದೆ. ಡೀಲರ್ ಮೂಲಕ ಹೋದರೆ ಅವರ ಪುಸ್ತಕದಲ್ಲಿ ಒಳಗೆ-ಹೊರಗೆ ಎಂಟ್ರಿ, ಅವರ ಫೀಸು, ಒಂದು ಕೈ ಹೆಚ್ಚು. ಪ್ರಯೋಜನ ಏನೂ ಇಲ್ಲ.

ಕಾನೂನು ಬಿಟ್ಟರೂ ಕೊರಿಯರ್ ಬಿಡಬೇಕಲ್ಲ, ಎಡವುವುದು ಅಲ್ಲೇ. ಯುಪಿಎಸ್, ಫೆಡ್‌ಎಕ್ಸ್ ಎರಡೂ ತಮ್ಮ ನಿಯಮದಲ್ಲಿ ಬಂದೂಕನ್ನು ತಮ್ಮ ಜೊತೆ ಒಪ್ಪಂದ ಇರುವ ಲೈಸೆನ್ಸ್‌ದಾರರಿಂದ ಮಾತ್ರ ತೆಗೆದುಕೊಳ್ಳುತ್ತವೆ. ನೀವೇ ಕೌಂಟರ್‌ಗೆ ಹೋಗಿ ಹೊಸ ಲೇಬಲ್ ಮಾಡಿಸುತ್ತೇನೆ ಅಂದರೆ ಆಗುವುದಿಲ್ಲ. ಅಂಚೆಯಂತೂ ಬೇಡವೇ ಬೇಡ, ಬಚ್ಚಿಡಬಹುದಾದ ಬಂದೂಕುಗಳನ್ನು ಸಾಮಾನ್ಯ ಜನ ಅಂಚೆಯಲ್ಲಿ ಕಳಿಸದಂತೆ ತಡೆಯುವ ಕಾನೂನು 1927ರಷ್ಟು ಹಳೆಯದು. ಆದ್ದರಿಂದ ಮೊದಲು ಕಂಪನಿಯಲ್ಲಿ ನೋಂದಾಯಿಸಿ, ಅವರು ಕೊಡುವ ಲೇಬಲ್‌ಗೆ ಕಾಯಿರಿ. ಲೇಬಲ್ ಅವರ ಖಾತೆಯದ್ದು, ಖರ್ಚೂ ಅವರದ್ದು, ಅಪ್‌ಗ್ರೇಡ್ ಉಚಿತ. ಅದರ ಮೇಲೆ ಯಾವ ಕೊರಿಯರ್ ಹೆಸರಿದೆಯೋ ಅಲ್ಲೇ ಕೊಡಿ.

ಪ್ಯಾಕಿಂಗ್ ಬಗ್ಗೆ ನಾಲ್ಕು ಮಾತು. ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ತೆಗೆದು ಪಕ್ಕಕ್ಕಿಡಿ. ಸ್ಲೈಡ್ ಹಿಂದಕ್ಕೆಳೆದು ಲಾಕ್ ಮಾಡಿ, ಚೇಂಬರನ್ನು (ನಳಿಗೆಯಲ್ಲಿ ಗುಂಡು ಕೂರುವ ಜಾಗ) ಕಣ್ಣಲ್ಲಿ ನೋಡಿ, ಕಿರುಬೆರಳು ಹಾಕಿ ಮುಟ್ಟಿ ನೋಡಿ. ಮ್ಯಾಗಜೀನ್ ತೆಗೆಯದೆ ಸ್ಲೈಡ್ ಎಳೆದರೆ ಮೇಲಿನ ಗುಂಡು ಚೇಂಬರಿಗೆ ಹೋಗಿ ಕೂರುತ್ತದೆ, ಕ್ರಮ ತಪ್ಪಬಾರದು. ಗುಂಡುಗಳಿದ್ದ ಡಬ್ಬಿ, ಚೀಲ ಯಾವುದೂ ಆ ಮೇಜಿನ ಮೇಲೆ ಇರಬಾರದು. ಪೆಟ್ಟಿಗೆಯಲ್ಲಿ ಒಂದೇ ಒಂದು ಗುಂಡು ಸಿಕ್ಕರೂ ಅದು ಬೇರೆಯದೇ ಕಾನೂನಿನ ತಲೆನೋವು, ಗುಂಡಿನ ಸಾಗಣೆ ಅಪಾಯಕಾರಿ ವಸ್ತುಗಳ ನಿಯಮಕ್ಕೆ ಬರುತ್ತದೆ.

ಚೇಂಬರ್‌ನಲ್ಲಿ ಅದು ಖಾಲಿ ಎಂದು ತೋರಿಸುವ ಒಂದು ಪ್ಲಾಸ್ಟಿಕ್ ಫ್ಲ್ಯಾಗ್ ಸಿಕ್ಕಿಸಿದರೆ ಬಿಚ್ಚುವ ತಂತ್ರಜ್ಞನಿಗೆ ಅನುಕೂಲ. ಪ್ಲಾಸ್ಟಿಕ್ ಚೀಲ, ಅದರ ಸುತ್ತ ಫೋಮ್, ಆಮೇಲೆ ಪೆಟ್ಟಿಗೆ. ಅಲ್ಲಾಡಿಸಿದರೆ ಸದ್ದು ಬರಬಾರದು. ಹೊರಗೆ 'ಗನ್', 'ಪಿಸ್ತೂಲು' ಅಂತ ಎಲ್ಲೂ ಬರೆಯಬೇಡಿ, ಕಂಪನಿಯ ಲೋಗೋ ಇರುವ ಹಳೇ ಡಬ್ಬಿಯನ್ನೇ ಹೊರಪೆಟ್ಟಿಗೆ ಮಾಡಬೇಡಿ. ಹೊರಗಡೆ ಬಂದೂಕು ಅಂತ ಗುರುತು ಹಾಕಲು ಕೊರಿಯರ್ ಒತ್ತಾಯಿಸುವಂತಿಲ್ಲ ಅಂತ ಕಾನೂನೇ ಹೇಳುತ್ತದೆ. ಒಳಗೊಂದು ಚೀಟಿ: ಹೆಸರು, ಫೋನ್, ವಾಪಸ್ ವಿಳಾಸ, ಸೀರಿಯಲ್ ನಂಬರ್, ಪೆಟ್ಟಿಗೆಯಲ್ಲಿ ಏನೇನಿದೆ. ಮುಚ್ಚುವ ಮುಂಚೆ ಸೀರಿಯಲ್ ಕಾಣುವ ಹಾಗೆ ಒಂದು, ಸ್ಲೈಡ್‌ನ ಎರಡೂ ಮಗ್ಗುಲು, ಈಗಾಗಲೇ ಇರುವ ಗೀರುಗಳ ಹತ್ತಿರದ ಫೋಟೋ. ಸ್ಲೈಡ್‌ಗೆ ಕೆಲಸ ಆಗುವುದರಿಂದ ಆಮೇಲೆ 'ಈ ಗೀರು ಮೊದಲೇ ಇತ್ತಾ' ಅನ್ನುವ ಚರ್ಚೆ ಬಂದರೆ ಫೋಟೋ ಒಂದೇ ಸಾಕ್ಷಿ.

ಸೋಮವಾರ ಇಲ್ಲವೇ ಮಂಗಳವಾರ ಕೊಡಿ, ಗುರುವಾರ-ಶುಕ್ರವಾರ ಕೊಟ್ಟರೆ ವಾರಾಂತ್ಯ ಪೂರ್ತಿ ಯಾವುದೋ ಗೋದಾಮಿನಲ್ಲಿ ಬಿದ್ದಿರುತ್ತದೆ. ಬೀದಿಯ ಡ್ರಾಪ್ ಬಾಕ್ಸ್‌ಗೆ ಹಾಕಬೇಡಿ. ಕೌಂಟರ್‌ನಲ್ಲಿ ಕೊಟ್ಟು ಸ್ಕ್ಯಾನ್ ಆದ ರಸೀದಿ ತೆಗೆದುಕೊಳ್ಳಿ. ವಾಪಸ್ ಬರುವಾಗ ವಯಸ್ಕರೊಬ್ಬರ ಸಹಿ ಬೇಕು, ಬಾಗಿಲಲ್ಲಿ ಇಟ್ಟು ಹೋಗುವುದಿಲ್ಲ. ಹಗಲು ಮನೆಯಲ್ಲಿ ಯಾರೂ ಇರದಿದ್ದರೆ ಟ್ರ್ಯಾಕಿಂಗ್ ನಂಬರ್ ಬಂದ ದಿನವೇ ಕೊರಿಯರ್‌ನ ಕೇಂದ್ರದಲ್ಲಿ ಹಿಡಿದಿಡಲು ಹೇಳಿ.

ಎರಡು ಕಿರಿಕಿರಿ. ರಿಪೇರಿ ಬದಲು ಹೊಸ ಎಫ್‌ಸಿಯು ಕೊಟ್ಟರೆ ಸೀರಿಯಲ್ ನಂಬರ್ ಬದಲಾಗುತ್ತದೆ. ಫೆಡರಲ್ ಮಟ್ಟದಲ್ಲಿ ಅದಕ್ಕೆ ಅಡ್ಡಿಯಿಲ್ಲ, ಆದರೆ ನ್ಯೂಯಾರ್ಕ್‌ನಂತೆ ಲೈಸೆನ್ಸ್‌ನಲ್ಲೇ ಒಂದೊಂದು ಪಿಸ್ತೂಲನ್ನೂ ಸೀರಿಯಲ್ ಸಮೇತ ಬರೆಯುವ ರಾಜ್ಯದಲ್ಲಿದ್ದರೆ ಲೈಸೆನ್ಸ್ ತಿದ್ದುಪಡಿ ನಿಮ್ಮ ಹೊಣೆ. ಇನ್ನೊಂದು, ಈ ಗುಂಪಿನಲ್ಲಿ ಎಚ್1ಬಿ ತರಹದ ವೀಸಾದವರೂ ಇರುತ್ತಾರೆ ಅಂತ ಹೇಳುತ್ತಿರುವುದು: ಬೇಟೆ ಲೈಸೆನ್ಸ್‌ನ ವಿನಾಯಿತಿಯ ಮೇಲೆ ಬಂದೂಕು ಇಟ್ಟುಕೊಂಡವರು ಆ ಲೈಸೆನ್ಸ್ ಚಾಲ್ತಿಯಲ್ಲಿದೆಯಾ ನೋಡಿಕೊಳ್ಳಿ. ಕಳಿಸುವ ದಿನ ಮಾತ್ರ ಅಲ್ಲ, ವಾಪಸ್ ಪಡೆಯುವ ದಿನವೂ. ಗ್ರೀನ್ ಕಾರ್ಡ್ ಇರುವವರಿಗೆ ಈ ತೊಡಕಿಲ್ಲ.

ಗುರಿಗಾರ_9

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಎರಡು ಸ್ಲೈಡನ್ನೂ ಮಗುಚಿ ನೋಡಿದೆ, ಎರಡರಲ್ಲೂ ಕೊರೆತ ಇಲ್ಲ. ಸೀರಿಯಲ್ ಹಾಕಿದರೆ 'ಅಪ್‌ಗ್ರೇಡ್ ಬಾಕಿ' ಅಂತಲೇ ಬಂತು.

ಒಂದು ಅನುಮಾನ. ಅಲ್ಯೂಮಿನಿಯಂ ಟ್ರಿಗರ್ ಈಗಾಗಲೇ ಹಗುರವೇ ಅಲ್ಲವೇ? ಮೂಲ ಕಾರಣ ಟ್ರಿಗರ್‌ನ ತೂಕ ಅಂದಮೇಲೆ, ಹೊಸ ಸಿಯರ್, ಸ್ಟ್ರೈಕರ್ ಕೊಂಡು ಮನೆಯಲ್ಲೇ ಹಾಕಿಕೊಂಡರೆ ಕಳಿಸುವ ರಗಳೆ ತಪ್ಪುತ್ತದಲ್ಲ?

ಬೆಂಚ್‌ಬ್ಲಾಕ್

ಅಲ್ಯೂಮಿನಿಯಂ ಅಂದಕೂಡಲೇ ಹಗುರ ಅಂತಲ್ಲ. ಲೋಹ ಹಗುರ, ಆದರೆ ತುಂಡು ಎಷ್ಟು ದಪ್ಪ, ಒಳಗೆ ಟೊಳ್ಳು ಮಾಡಿದ್ದಾರಾ, ತೂಕ ಪಿನ್‌ನಿಂದ ಎಷ್ಟು ದೂರ ಕೂತಿದೆ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಉದ್ದನೆಯ ಚಪ್ಪಟೆ ಟ್ರಿಗರ್‌ನಲ್ಲಿ ತುದಿಯ ತೂಕ ಪಿನ್‌ನಿಂದ ದೂರ ಇರುತ್ತದೆ, ತಿರುಗುವ ಜಡತ್ವ ಆ ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ಎರಡೂ ಟ್ರಿಗರ್ ತೂಗಿ 'ಇದು ಕಮ್ಮಿ' ಅಂದರೆ ಅರ್ಧ ಲೆಕ್ಕ ಮಾತ್ರ ಆಯಿತು.

ಅದಕ್ಕಿಂತ ದೊಡ್ಡ ತೊಂದರೆ ಬೇರೆ. ಇಂಥ ಟ್ರಿಗರ್ ಜೊತೆ ಎಳೆತ ಹಗುರಾಗಲಿ ಅಂತ ಮೆತ್ತನೆ ಸ್ಪ್ರಿಂಗನ್ನೂ ಹಾಕುವ ಚಟ ಜನಕ್ಕಿದೆ. ಬಿದ್ದಾಗ ಟ್ರಿಗರನ್ನು ತಡೆದು ವಾಪಸ್ ತಳ್ಳುವುದು ಆ ಸ್ಪ್ರಿಂಗೇ. ತೂಕ ಇಳಿಸಿ ಸ್ಪ್ರಿಂಗೂ ಮೆತ್ತಗೆ ಮಾಡಿದರೆ ಒಂದು ಕೈಯಲ್ಲಿ ಗಳಿಸಿದ್ದು ಇನ್ನೊಂದು ಕೈಯಲ್ಲಿ ಹೋಯಿತು. ಹಿಂದಿನ ಮಾಲೀಕರು ಏನೇನು ಮುಟ್ಟಿದ್ದಾರೋ ನಿಮಗೆ ಗೊತ್ತಿಲ್ಲ, ಹಾಗಾಗಿ ಈ ಪಿಸ್ತೂಲು ಕಂಪನಿ ಪರೀಕ್ಷಿಸಿದ ಸ್ಥಿತಿಯಲ್ಲಿದೆ ಅಂತ ಹೇಳಲು ಸದ್ಯಕ್ಕೆ ಯಾರಿಗೂ ಸಾಧ್ಯವಿಲ್ಲ.

ಕೊರೆತವನ್ನಂತೂ ಮನೆಯಲ್ಲಿ ಮಾಡಲಾಗದು. ಗಟ್ಟಿ ಮಾಡಿದ ಸ್ಟೀಲ್ ಸ್ಲೈಡನ್ನು ಮಿಲ್ಲಿಂಗ್ ಯಂತ್ರದಲ್ಲಿ ಹಿಡಿದು ಕೆಲಸ ಮಾಡಬೇಕು. ಕಂಪನಿ ಎಲ್ಲರಿಗೂ ಒಂದೊಂದು ಭಾಗಗಳ ಪೊಟ್ಟಣ ಕಳಿಸಿ ಮುಗಿಸದೆ ಪೂರ್ತಿ ಪಿಸ್ತೂಲು ಕೇಳುವುದು ಇದಕ್ಕೇ. ಕೊರೆತ ಇಲ್ಲದ ಸ್ಲೈಡಿಗೆ ಡಿಸ್‌ಕನೆಕ್ಟರ್ ಇರುವ ಎಫ್‌ಸಿಯು ಹೊಂದುವುದಿಲ್ಲ. ನಿಮ್ಮ .40 ಸ್ಲೈಡ್ ವಿಷಯದಲ್ಲಿ ಇದೇ ಮುಖ್ಯ: 9 ಎಂಎಂ ಸ್ಲೈಡ್ ಮಾತ್ರ ಕಳಿಸಿ ಇದನ್ನು ಮನೆಯಲ್ಲಿಟ್ಟುಕೊಂಡರೆ, ಹೊಸದಾಗಿ ಬಂದ ಎಫ್‌ಸಿಯು ಮೇಲೆ ಈ ಹಳೇ ಸ್ಲೈಡ್ ಬಳಸುವಂತಿಲ್ಲ. ನೋಂದಾಯಿಸುವಾಗಲೇ 'ಎರಡನೇ ಸ್ಲೈಡ್ ಇದೆ' ಅಂತ ಹೇಳಿ, ಅದನ್ನೂ ಅದೇ ಕೆಲಸದ ಚೀಟಿಗೆ ಸೇರಿಸಿ ಅಂತ ಕೇಳಿ, ಉತ್ತರ ಇಮೇಲ್‌ನಲ್ಲಿ ಬರಲಿ. ಅವರು ಒಪ್ಪುವವರೆಗೆ ಪೆಟ್ಟಿಗೆ ಮುಚ್ಚಬೇಡಿ.

ಉಳಿದದ್ದು ಹೀಗೆ ಮಾಡಿ. ಚಪ್ಪಟೆ ಟ್ರಿಗರ್ ತೆಗೆಸಿ ಮೂಲ ಟ್ರಿಗರ್ ಹಾಕಿಸಿ ಕಳಿಸುವುದು ಒಳ್ಳೆಯದು. ಬೇರೆಯವರ ಭಾಗ ಒಳಗಿದ್ದರೆ ಅದನ್ನು ಕಿತ್ತು ಮೂಲದ್ದನ್ನೇ ಹಾಕಿ ಕಳಿಸುವುದು ಯಾವ ತಯಾರಕರ ವರ್ಕ್‌ಶಾಪ್‌ನಲ್ಲೂ ಮಾಮೂಲು, ಕಿತ್ತದ್ದು ನಿಮಗೆ ವಾಪಸ್ ಬರುತ್ತದೆ ಅನ್ನುವ ಖಾತ್ರಿ ಇಟ್ಟುಕೊಳ್ಳಬೇಡಿ. ಎಫ್‌ಸಿಯು ಬಿಚ್ಚಿ ಅಭ್ಯಾಸ ಇಲ್ಲದಿದ್ದರೆ ಹಾಗೇ ಕಳಿಸಿ, ಚೀಟಿಯಲ್ಲಿ 'ಟ್ರಿಗರ್ ಮೂಲದ್ದಲ್ಲ' ಅಂತ ದೊಡ್ಡದಾಗಿ ಬರೆಯಿರಿ. ರೆಡ್ ಡಾಟ್, ಅದರ ಪ್ಲೇಟು, ಟಾರ್ಚು ಎಲ್ಲ ಬಿಚ್ಚಿ ಮನೆಯಲ್ಲೇ ಇಡಿ. ಪ್ಲೇಟಿನ ಸ್ಕ್ರೂಗಳನ್ನು ಒಂದು ಚಿಕ್ಕ ಜಿಪ್ ಚೀಲದಲ್ಲಿ ಹಾಕಿ ಡಾಟ್‌ಗೇ ಅಂಟಿಸಿ, ಉದ್ದ ಬೇರೆ ಬೇರೆ ಇರುತ್ತದೆ. ಉದ್ದದ ಸ್ಕ್ರೂ ತಪ್ಪು ತೂತಿಗೆ ಹೋದರೆ ಒಳಗಿನ ಭಾಗಕ್ಕೆ ತಗುಲುತ್ತದೆ. ಸ್ಲೈಡನ್ನು ಹೊರಗಿನವರ ಹತ್ತಿರ ಕೊರೆಸಿ ಡಾಟ್ ಕೂರಿಸಿದ್ದಾದರೆ ಅದನ್ನು ಮೊದಲೇ ಹೇಳಲೇಬೇಕು. ಸ್ಲೈಡನ್ನೇ ಬದಲಾಯಿಸಿಬಿಟ್ಟರೆ ನಿಮ್ಮ ಕೊರೆತದ ದುಡ್ಡು ಹೋಯಿತು. ಮ್ಯಾಗಜೀನ್, ಹೋಲ್‌ಸ್ಟರ್ (ಪಿಸ್ತೂಲು ಇಟ್ಟುಕೊಳ್ಳುವ ಒರೆ) ಯಾವುದೂ ಪೆಟ್ಟಿಗೆಗೆ ಬೇಡ.

ಅಲ್ಲಿಯವರೆಗೆ ಚೇಂಬರ್ ಖಾಲಿ ಇಟ್ಟು ಲಾಕರ್‌ನಲ್ಲಿಡಿ. ಬಿದ್ದಾಗ ಟ್ರಿಗರ್ ಹಿಂದೆ ಸರಿದರೂ ಖಾಲಿ ಚೇಂಬರ್‌ನಲ್ಲಿ ಸ್ಟ್ರೈಕರ್‌ಗೆ ಬಡಿಯಲು ಏನೂ ಇರುವುದಿಲ್ಲ.

ಮೂರ್‌ಸ್ಕ್ರೂ_ಮಾವ

ಇದನ್ನ ಕಂಪನಿ 'ರೀಕಾಲ್' ಅನ್ನದೆ 'ಸ್ವಯಂಪ್ರೇರಿತ ಅಪ್‌ಗ್ರೇಡ್' ಅಂದಿದ್ದಕ್ಕೆ ಸುಮಾರು ಜನ ಬೈತಾರೆ. ಬೈಯೋದಕ್ಕೆ ಕಾರಣ ಇದೆ, ಹೆಸರು ನೋಡಿ ಎಷ್ಟೋ ಜನ ಇದೇನೋ ಹೊಸ ಸೌಲಭ್ಯ, ಬೇಕಿದ್ರೆ ಮಾಡಿಸಬಹುದು ಅಂದ್ಕೊಂಡು ಸುಮ್ಮನಾದರು. ಆದ್ರೆ ಅಮೆರಿಕದಲ್ಲಿ ಬಂದೂಕಿನ ರೀಕಾಲ್‌ಗಳೂ ತಯಾರಕರ ಇಚ್ಛೆಯವೇ. ಟೋಸ್ಟರ್, ತೊಟ್ಟಿಲು ಇವನ್ನೆಲ್ಲ ವಾಪಸ್ ಕರೆಸೋ ಅಧಿಕಾರ ಇರೋ ಗ್ರಾಹಕ ವಸ್ತುಗಳ ಸುರಕ್ಷಾ ಆಯೋಗಕ್ಕೆ ಬಂದೂಕು, ಗುಂಡಿನ ಮೇಲೆ ಹಿಡಿತ ಇಲ್ಲ, 1972ರ ಕಾನೂನಿನಲ್ಲೇ ಅವನ್ನ ಹೊರಗಿಟ್ಟಿದ್ದಾರೆ. ಹಾಗಾಗಿ ಮನೆಗೆ ಯಾವ ಸರ್ಕಾರಿ ಪತ್ರವೂ ಬರಲ್ಲ. ಸೆಕೆಂಡ್‌ಹ್ಯಾಂಡ್ ತಗೊಂಡವರು ತಾವೇ ಸೀರಿಯಲ್ ನೋಡ್ಕೋಬೇಕು.

2017ರ ಜೂನ್‌ನಲ್ಲಿ ರೂಗರ್ ಕಂಪನಿ ಮಾರ್ಕ್ 4 ಪಿಸ್ತೂಲನ್ನ ರೀಕಾಲ್ ಅಂತಲೇ ಹೆಸರಿಟ್ಟು ವಾಪಸ್ ಕರೆಸಿತು. ಅಲ್ಲಿ ತೊಂದರೆ ಬೇರೆ: ಸೇಫ್ಟಿ ಲಿವರ್ ಪೂರ್ತಿ ಮೇಲೂ ಇಲ್ಲ ಪೂರ್ತಿ ಕೆಳಗೂ ಇಲ್ಲ ಅನ್ನೋ ನಡುವಿನ ಜಾಗದಲ್ಲಿದ್ದಾಗ ಟ್ರಿಗರ್ ಒತ್ತಿದರೆ ಆಗ ಹಾರದೆ, ಆಮೇಲೆ ಲಿವರ್ ಇಳಿಸಿದಾಗ ಹಾರೋ ಸಾಧ್ಯತೆ. ಸೀರಿಯಲ್ 401 ಇಲ್ಲವೇ ಡಬ್ಲ್ಯುಬಿಆರ್ ಅಂತ ಶುರುವಾಗೋವು ಆ ಪಟ್ಟಿಯಲ್ಲಿವೆ. ಸೆಕೆಂಡ್‌ಹ್ಯಾಂಡ್ ಮಾರ್ಕ್ 4 ಇದ್ದವರು ಇದನ್ನೂ ನೋಡ್ಕೊಳ್ಳಿ.

ಇನ್ನೂ ಹಳೇದು ಬೇಕಾದ್ರೆ ಅದೇ ರೂಗರ್‌ನ ಸಿಂಗಲ್ ಆಕ್ಷನ್ ರಿವಾಲ್ವರ್‌ಗಳು, ಅಂದ್ರೆ ಪ್ರತಿ ಸಲ ಹಿಂದಿನ ಹ್ಯಾಮರನ್ನ (ಬಡಿಯೋ ಸುತ್ತಿಗೆ) ಕೈಯಲ್ಲಿ ಎಳೀಬೇಕಾದವು. 1953ರಿಂದ 1972ರವರೆಗೆ ತಯಾರಾದವು, ಫ್ರೇಮಿನ ಮಗ್ಗುಲಲ್ಲಿ ಮೂರು ಸ್ಕ್ರೂ. ಅದರಲ್ಲಿ ಹ್ಯಾಮರ್ ಇಳಿಸಿದಾಗ ಫೈರಿಂಗ್ ಪಿನ್ ನೇರ ಪ್ರೈಮರ್ ಮೇಲೇ ಕೂತಿರುತ್ತೆ. ಹ್ಯಾಮರ್ ಬೆನ್ನಿಗೆ ಒಂದು ಪೆಟ್ಟು ಬಿದ್ದರೆ ಸಾಕು. ಅದಕ್ಕೇ ಆರು ಗುಂಡಿನ ಜಾಗದಲ್ಲಿ ಐದೇ ಹಾಕಿ, ಖಾಲಿ ಚೇಂಬರ್ ಮೇಲೆ ಹ್ಯಾಮರ್ ಇಳಿಸಬೇಕು ಅನ್ನೋ ನಿಯಮ. 1973ರಲ್ಲಿ ಟ್ರಾನ್ಸ್‌ಫರ್ ಬಾರ್ ಇರೋ ಹೊಸ ಮಾದರಿ ಬಂತು: ಟ್ರಿಗರ್ ಹಿಡಿದಿದ್ದಾಗ ಮಾತ್ರ ಹ್ಯಾಮರ್‌ಗೂ ಪಿನ್‌ಗೂ ನಡುವೆ ಆ ಪಟ್ಟಿ ಏರಿ ಪೆಟ್ಟನ್ನ ದಾಟಿಸುತ್ತೆ. ಹಳೇವಕ್ಕೂ ಅದನ್ನ ಉಚಿತವಾಗಿ ಹಾಕಿಕೊಡೋದು 1982ರಲ್ಲಿ ಶುರುವಾಯ್ತು. ಕಿತ್ತ ಮೂಲ ಭಾಗಗಳನ್ನ ಚೀಲದಲ್ಲಿ ಹಾಕಿ ರಿವಾಲ್ವರ್ ಜೊತೆಗೇ ವಾಪಸ್ ಕಳಿಸ್ತಾರೆ. ಆ ಚೀಲ ಎಸೀಬೇಡಿ, ಸಂಗ್ರಹಕಾರರು ಮೊದಲು ಕೇಳೋದೇ ಅದನ್ನ. ಮಾರ್ಪಾಡಾಗದ್ದಕ್ಕೆ ಬೆಲೆ ಜಾಸ್ತಿ ಅಂತ ಕಳಿಸದೇ ಇರೋರು ಇದಾರೆ, ಕಪಾಟಿನಲ್ಲಿಡೋದಕ್ಕೆ ಅದೂ ಸರಿ. ಪಿ320ಗೆ ಆ ವಾದ ಇಲ್ಲ. ಹಳೇ ದಪ್ಪ ಟ್ರಿಗರ್‌ಗೆ ಅಂತ ಹೆಚ್ಚು ದುಡ್ಡು ಕೊಡೋ ಸಂಗ್ರಹಕಾರ ಇನ್ನೂ ಹುಟ್ಟಿಲ್ಲ.

ಹೋಲ್‌ಸ್ಟರ್_ಹೊಲಿಗೆ

ಒಂದು ಗೊಂದಲ ಬಿಡಿಸಬೇಕು. 'ಬಿದ್ದಾಗ ಹಾರುವುದು' ಬೇರೆ, 'ಹೋಲ್‌ಸ್ಟರ್‌ನಲ್ಲಿದ್ದಾಗ ತಾನಾಗಿ ಹಾರಿತು' ಎಂಬ ದೂರುಗಳು ಬೇರೆ. ಎರಡನೆಯದ್ದರ ಮೇಲೆ ಮೊಕದ್ದಮೆಗಳು ನಡೆದಿವೆ. 2024ರಲ್ಲಿ ಜಾರ್ಜಿಯಾದಲ್ಲೂ ಫಿಲಡೆಲ್ಫಿಯಾದಲ್ಲೂ ತೀರ್ಪುಗಾರರ ಮಂಡಳಿ ದೂರುದಾರರ ಪರ ತೀರ್ಪು ಕೊಟ್ಟಿತು. ಟ್ರಿಗರ್ ಒತ್ತದೆ ಪಿಸ್ತೂಲು ಹಾರುವುದಿಲ್ಲ ಎಂಬುದು ಕಂಪನಿಯ ವಾದ. ಈ ಅಪ್‌ಗ್ರೇಡ್ ಮಾಡಿಸಿದರೆ ಆ ಚರ್ಚೆಯೂ ಮುಗಿಯಿತು ಅಂತ ಯಾರೂ ಅಂದುಕೊಳ್ಳಬೇಡಿ, ಇದು ಬೀಳುವ ಸಮಸ್ಯೆಗೆ ಮಾಡಿದ್ದು.

ನಿಮ್ಮ ಹತೋಟಿಯಲ್ಲಿರುವುದು ಹೋಲ್‌ಸ್ಟರ್‌ನ ಆಯ್ಕೆ. ಟ್ರಿಗರ್ ಗಾರ್ಡ್ ಎರಡೂ ಕಡೆ ಪೂರ್ತಿ ಮುಚ್ಚುವ ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್‌ನದ್ದಾಗಿರಲಿ. ಟಾರ್ಚ್ ಇರುವ ಪಿಸ್ತೂಲಿಗೆ ಮಾಡಿದ ಹೋಲ್‌ಸ್ಟರ್‌ಗಳ ಬಾಯಿ ಅಗಲ, ಪಕ್ಕದಿಂದ ಟ್ರಿಗರ್‌ವರೆಗೆ ಸಂದು ಇರುತ್ತದೆ, ಅಂಗಿಯ ಚುಂಗೋ ದಾರವೋ ನುಸುಳಲು ಅಷ್ಟು ಸಾಕು. ಖಾಲಿ ಪಿಸ್ತೂಲನ್ನು ಒಳಗೆ ಹಾಕಿ, ಪಕ್ಕದಿಂದ ಪೆನ್ಸಿಲ್ ತೂರಿಸಿ ನೋಡಿ. ತುದಿ ಟ್ರಿಗರ್ ಮುಟ್ಟಿದರೆ ಆ ಹೋಲ್‌ಸ್ಟರ್ ಬೇಡ.

ಬೆಂಚ್‌ಬ್ಲಾಕ್

ವಾಪಸ್ ಬಂದ ದಿನ ಮಾಡಬೇಕಾದ್ದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೊದಲು ಸೀರಿಯಲ್ ನಂಬರ್ ಹಳೇ ಫೋಟೋ ಜೊತೆ ತಾಳೆ ನೋಡಿ. ಮ್ಯಾಗಜೀನ್ ಇಲ್ಲದೆ, ಚೇಂಬರ್ ಖಾಲಿ ಎಂದು ನೋಡಿ ಮುಟ್ಟಿ, ಸ್ಲೈಡ್ ಹಿಂದೆ ಲಾಕ್ ಮಾಡಿ, ಟೇಕ್‌ಡೌನ್ ಲಿವರ್ ತಿರುಗಿಸಿ ಬಿಚ್ಚಿ. ಪಿ320 ಬಿಚ್ಚಲು ಟ್ರಿಗರ್ ಒತ್ತಬೇಕಾಗಿಲ್ಲ, ಅದರ ಒಳ್ಳೆಯ ಗುಣ ಅದು. ಸ್ಲೈಡ್ ಮಗುಚಿದರೆ ಈಗ ಕೊರೆತ ಕಾಣಬೇಕು. ಟ್ರಿಗರ್ ತೆಳ್ಳಗಿರಬೇಕು. ಕೊರೆದ ಜಾಗದ ಅಂಚಲ್ಲಿ ಲೋಹದ ಚೂರು ಉಳಿದಿದ್ದರೆ ಬ್ರಷ್‌ನಲ್ಲಿ ತೆಗೆಯಿರಿ, ಎಣ್ಣೆ ಒರೆಸಿ ಹೊಸದಾಗಿ ಹಳಿಗಳಿಗೆ ಒಂದೊಂದು ಹನಿ ಹಾಕಿ. ಸ್ಟ್ರೈಕರ್ ಸಾಗುವ ಕೊಳವೆಗೆ ಎಣ್ಣೆ ಹಾಕಬೇಡಿ, ಕಸ ಹಿಡಿದು ಪೆಟ್ಟು ಮಂದವಾಗುತ್ತದೆ.

ಮತ್ತೆ ಜೋಡಿಸಿ, ಖಾಲಿ ಪಿಸ್ತೂಲಿನಲ್ಲಿ, ಸುರಕ್ಷಿತ ದಿಕ್ಕಿಗೆ ಹಿಡಿದು: ಸ್ಲೈಡ್ ಎಳೆದು ಬಿಟ್ಟು ಟ್ರಿಗರ್ ಒತ್ತಿ, ಟಕ್ ಅನ್ನಬೇಕು. ಟ್ರಿಗರ್ ಒತ್ತಿ ಹಿಡಿದಿರುವಾಗಲೇ ಸ್ಲೈಡ್ ಪೂರ್ತಿ ಎಳೆದು ಬಿಡಿ, ಟಕ್ ಅನ್ನಬಾರದು. ಈಗ ಟ್ರಿಗರನ್ನು ನಿಧಾನ ಮುಂದಕ್ಕೆ ಬಿಟ್ಟರೆ ಮರುಹೊಂದಿಕೆಯ ಸಣ್ಣ ಕ್ಲಿಕ್ ಬೆರಳಿಗೆ ಗೊತ್ತಾಗಬೇಕು, ಮತ್ತೆ ಒತ್ತಿದರೆ ಟಕ್. ಮುಂದಿನದು ಡಿಸ್‌ಕನೆಕ್ಟರ್‌ದೇ ಪರೀಕ್ಷೆ: ಸ್ಟ್ರೈಕರ್ ಏರಿಸಿ, ಕೈಯನ್ನು ನಳಿಗೆಯ ಮುಂದೆ ತರದೆ, ಸ್ಲೈಡನ್ನು ಮೇಲಿನಿಂದ ಹಿಡಿದು ಸುಮಾರು 3 ಮಿಲಿಮೀಟರ್ ಹಿಂದಕ್ಕೆ ಎಳೆದಿಟ್ಟುಕೊಂಡು ಟ್ರಿಗರ್ ಒತ್ತಿ. ಸ್ಟ್ರೈಕರ್ ಬೀಳಬಾರದು. ಬಿದ್ದರೆ ಅಲ್ಲಿಗೇ ನಿಲ್ಲಿಸಿ, ಗುಂಡು ಹಾಕದೆ ಕಂಪನಿಗೆ ಫೋನ್ ಮಾಡಿ.

ರೇಂಜ್‌ನಲ್ಲಿ ಮೊದಲ ಮ್ಯಾಗಜೀನ್‌ಗೆ ಒಂದೇ ಗುಂಡು. ಆಮೇಲೆ ಎರಡು, ಒಂದು ಒತ್ತಿಗೆ ಎರಡೂ ಹಾರಿದರೆ ಸಿಯರ್ ಹಿಡಿತ ಸರಿಯಿಲ್ಲ ಎಂದರ್ಥ. ಅದನ್ನು ಪತ್ತೆಹಚ್ಚಲು ಎರಡೇ ಗುಂಡು ಹಾಕುವುದು, ತುಂಬಿದ ಮ್ಯಾಗಜೀನ್‌ನಲ್ಲಿ ಪತ್ತೆಹಚ್ಚಲು ಹೋಗಬಾರದು. ಅದೂ ಸರಿಯಾದ ಮೇಲೆ ಪೂರ್ತಿ ಮ್ಯಾಗಜೀನ್, ಒಟ್ಟು 50 ಗುಂಡು. ಖಾಲಿ ಕೇಸುಗಳಲ್ಲಿ ನಾಲ್ಕೈದು ಆರಿಸಿ ಪ್ರೈಮರ್ ನೋಡಿ, ಸ್ಟ್ರೈಕರ್‌ನ ಗುಳಿ ಆಳವಾಗಿ, ಹೆಚ್ಚುಕಡಿಮೆ ನಡುವಲ್ಲಿರಬೇಕು. ಸ್ಟ್ರೈಕರ್ ಹೊಸದಾದ್ದರಿಂದ ಇದನ್ನು ನೋಡಲೇಬೇಕು. ರೆಡ್ ಡಾಟ್ ಬಿಚ್ಚಿ ಹಾಕಿರುವುದರಿಂದ ಝೀರೋ (ಚುಕ್ಕೆ ಇಟ್ಟಲ್ಲೇ ಗುಂಡು ಬೀಳುತ್ತದಾ ಅನ್ನುವುದು) ಮತ್ತೆ ನೋಡಿ. ಸ್ಕ್ರೂ ಬಿಗಿತ ಡಾಟ್‌ನ ಕೈಪಿಡಿಯಲ್ಲಿರುವಷ್ಟೇ ಇರಲಿ, ಕೈ ಅಂದಾಜು ಬೇಡ.

ಚಪ್ಪಟೆ ಟ್ರಿಗರ್ ವಾಪಸ್ ಬಂದಿದ್ದರೂ ಮತ್ತೆ ಹಾಕಬೇಡಿ.

ಗುರಿಗಾರ_9

ನೋಂದಣಿ ಆಯಿತು. .40 ಸ್ಲೈಡ್ ಬಗ್ಗೆ ಇಮೇಲ್ ಕಳಿಸಿದ್ದೇನೆ, ಉತ್ತರ ಬರುವವರೆಗೆ ಲೇಬಲ್ ಬಂದರೂ ಪೆಟ್ಟಿಗೆ ಮುಚ್ಚುವುದಿಲ್ಲ. ಹೋಲ್‌ಸ್ಟರ್‌ಗೆ ಪೆನ್ಸಿಲ್ ಹಾಕಿ ನೋಡಿದೆ. ಬಲಗಡೆಯಿಂದ ಸಲೀಸಾಗಿ ಟ್ರಿಗರ್ ಮುಟ್ಟಿತು, ಅದನ್ನೂ ಬದಲಾಯಿಸಬೇಕು.